ಕಲ್ನಾರು: ಗುರುತು ಸಿಗದ ಕಲ್ಲಿನ ಕತೆ

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಒಳ್ಳೆಯ ಹೆಸರಿದೆ. ಅದು ಕಲ್ಲೂ ಹೌದು, ನಾರೂ ಹೌದು. ಬಂಡೆಯ ಸೀಳಿನಿಂದ ಅಗೆದು ತೆಗೆದ ಈ ಖನಿಜವನ್ನು ಜಜ್ಜಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಆ ಎಳೆಯನ್ನು ನೂಲಬಹುದು, ನೇಯಬಹುದು. ಬೆಂಕಿಗೆ ಹಾಕಿದರೆ ಸುಡುವುದಿಲ್ಲ. ಫಾರ್ಸಿಯವರು ಇದನ್ನು 'ಸುಡದ ಹತ್ತಿ' ಎಂದು ಕರೆದರು. ಅರಬಿಯಲ್ಲಿ ಇದರ ಹೆಸರು 'ಬಂಡೆಯ ರೇಷ್ಮೆ'.

ಆದರೆ ಕಲ್ನಾರು ಎಂಬ ಹೆಸರು ನಮ್ಮಲ್ಲಿ ಪಠ್ಯಪುಸ್ತಕದಲ್ಲೇ ಉಳಿಯಿತು. ಅದೇ ವಸ್ತು ಮನೆಯ ಮಾಡಿಗೆ ಏರಿದಾಗ ಜನರ ಬಾಯಲ್ಲಿ 'ಸಿಮೆಂಟ್ ಶೀಟು' ಆಯಿತು. ಸಿಮೆಂಟಿಗೆ ಯಾರು ಹೆದರುತ್ತಾರೆ? ಇಂದು ಹಳೆಯ ಮನೆ, ಹಳೆಯ ಶಾಲೆ, ಹಳೆಯ ಮದ್ರಸಾ ಕಟ್ಟಡಗಳನ್ನು ಕೆಡವುವಾಗ ಆ ಶೀಟುಗಳನ್ನು ಸುತ್ತಿಗೆಯಿಂದ ಹೊಡೆದು ಕೆಳಗೆ ಬೀಳಿಸುತ್ತಾರೆ. ಆಗ ಏಳುವ ಧೂಳಿನಲ್ಲಿ ಏನಿದೆ ಎಂದು ಕೆಡವುವವನಿಗೂ ಗೊತ್ತಿಲ್ಲ, ಕೆಡವಿಸುವವನಿಗೂ ಗೊತ್ತಿಲ್ಲ.

ಈ ಅಜ್ಞಾನ ಹೊಸತಲ್ಲ. ಕಲ್ನಾರಿನ ಇಡೀ ಚರಿತ್ರೆಯೇ ಅದರ ಗುರುತು ತಪ್ಪಿದ ಚರಿತ್ರೆ. ಮೊದಲು ಜನ ಅದನ್ನು ಹಕ್ಕಿಯ ಗರಿ ಎಂದು ತಿಳಿದರು. ಮುಂದೆ ಅದು ತಂದ ಕಾಯಿಲೆಯನ್ನು ಕ್ಷಯವೆಂದರು. ಕೊನೆಗೆ ಅದನ್ನು ಬರಿಯ ಸಿಮೆಂಟು ಎಂದು ನಂಬಿದರು. ಪ್ರತಿಸಲವೂ ಅದರ ನಿಜ ಗುರುತು ಸಿಕ್ಕಿದ್ದು ಆ ಕಲ್ಲನ್ನು ಕೈಯಲ್ಲಿ ಹಿಡಿದು ದುಡಿದವರಿಂದಲೇ.

ಹಕ್ಕಿಯೋ, ಇಲಿಯೋ, ಕಲ್ಲೋ?

ಉರ್ದು ಶಾಲೆಯಲ್ಲಿ ಕಲಿತವರಿಗೆ 'ಸಮಂದರ್' ಎಂಬ ಶಬ್ದದ ಗೊಂದಲ ಗೊತ್ತು. ಅದೇ ಅಕ್ಷರಗಳಲ್ಲಿ ಬರೆದ ಶಬ್ದ ಒಂದು ಕಡೆ ಕಡಲು. ಇನ್ನೊಂದು ಕಡೆ, ಮುಖ್ಯವಾಗಿ ಗಝಲುಗಳಲ್ಲಿ, ಬೆಂಕಿಯಲ್ಲೇ ಹುಟ್ಟಿ ಬೆಂಕಿಯಲ್ಲೇ ಬದುಕುವ ಒಂದು ಜೀವಿ. ಪ್ರೇಮದ ಉರಿಯಲ್ಲಿ ಬೇಯುವ ಹೃದಯಕ್ಕೆ ಕವಿಗಳು ಈ ಜೀವಿಯನ್ನು ಹೋಲಿಸುತ್ತಿದ್ದರು. ಅರಬಿ ಲೇಖಕರು ಇದನ್ನು 'ಸಮಂದಲ್' ಎಂದು ಕರೆದರು. ಕೆಲವರ ಪ್ರಕಾರ ಅದು ಹಿಂದ್ ಅಥವಾ ಚೀನಾ ದೇಶದ ಹಕ್ಕಿ, ಇನ್ನು ಕೆಲವರ ಪ್ರಕಾರ ಇಲಿಯಂಥ ಪ್ರಾಣಿ. ಅದರ ಗರಿಯಿಂದಲೋ ತುಪ್ಪಳದಿಂದಲೋ ನೇಯ್ದ ಬಟ್ಟೆ ಕೊಳೆಯಾದರೆ ಅದನ್ನು ನೀರಿಗೆ ಹಾಕುವುದಿಲ್ಲ, ಬೆಂಕಿಗೆ ಹಾಕುತ್ತಾರೆ. ಕೊಳೆ ಸುಟ್ಟುಹೋಗಿ ಬಟ್ಟೆ ಬೆಳ್ಳಗಾಗಿ ಹೊರಬರುತ್ತದೆ ಎಂದು ಬರೆದರು. ಚೀನೀಯರೂ ಇಂಥ ಬಟ್ಟೆಯನ್ನು 'ಬೆಂಕಿಯಲ್ಲಿ ತೊಳೆಯುವ ಬಟ್ಟೆ' ಎಂದು ಕರೆದು, ಅದು ಬೆಂಕಿಯಲ್ಲಿ ವಾಸಿಸುವ ಇಲಿಯ ಕೂದಲು ಎಂದು ನಂಬಿದ್ದರು.

ಇವು ಬರೀ ಅಡುಗೂಲಜ್ಜಿಯ ಕತೆಗಳಲ್ಲ. 13ನೇ ಶತಮಾನದ ಪ್ರಸಿದ್ಧ ಚರಿತ್ರಕಾರ ಇಬ್ನ್ ಖಲ್ಲಿಕಾನ್ ಇಂಥ ಬಟ್ಟೆಯ ತುಂಡೊಂದನ್ನು ತಾನೇ ಕಂಡದ್ದಾಗಿ ಬರೆದಿದ್ದಾರೆ. ದಪ್ಪನೆಯ ಪಟ್ಟಿಯಂತಿದ್ದ ಅದರ ಒಂದು ತುದಿಯನ್ನು ಎಣ್ಣೆಯಲ್ಲಿ ಅದ್ದಿ ಹೊತ್ತಿಸಿದರೆ ಬತ್ತಿಯಂತೆ ಉರಿಯಿತು. ಉರಿ ಆರಿದ ಮೇಲೆ ನೋಡಿದರೆ ಬಟ್ಟೆಗೆ ಏನೂ ಆಗಿರಲಿಲ್ಲ. ಅವರು ಕಣ್ಣಾರೆ ಕಂಡದ್ದು ನಿಜವೇ. ಅದು ಯಾವುದರಿಂದ ಆದದ್ದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಆದರೆ ಅದಕ್ಕೂ ಮುನ್ನೂರು ವರ್ಷ ಮೊದಲೇ ಒಬ್ಬರು ಸರಿಯಾಗಿ ಬರೆದಿಟ್ಟಿದ್ದರು. ಜೆರುಸಲೇಮಿನಲ್ಲಿ ಹುಟ್ಟಿ, ಇಸ್ಲಾಮೀ ಜಗತ್ತಿನ ಉದ್ದಗಲ ಸುತ್ತಿದ 10ನೇ ಶತಮಾನದ ಭೂಗೋಳಜ್ಞ ಅಲ್ ಮುಕದ್ದಸಿ ಬದಖ್‌ಶಾನದ ಬಗ್ಗೆ ಬರೆಯುವಾಗ 'ಹಜರುಲ್ ಫತೀಲಾ' ಎಂಬ ಕಲ್ಲನ್ನು ಹೆಸರಿಸುತ್ತಾರೆ. ಹಾಗೆಂದರೆ ಬತ್ತಿಯ ಕಲ್ಲು. ಅದರಿಂದ ದೀಪದ ಬತ್ತಿ ಮಾಡುತ್ತಾರೆ, ಊಟದ ಹಾಸು ನೇಯುತ್ತಾರೆ, ಹಾಸಿಗೆ ಜಿಡ್ಡು ಹತ್ತಿದರೆ ಉರಿಯುವ ಒಲೆಯಲ್ಲಿಟ್ಟು ಶುಚಿ ಮಾಡುತ್ತಾರೆ ಎಂಬುದು ಅವರ ವಿವರಣೆ. ಬದಖ್‌ಶಾನ್ ಇಂದು ಅಫ್ಘಾನಿಸ್ತಾನ ಮತ್ತು ತಾಜಿಕಿಸ್ತಾನಗಳ ನಡುವೆ ಹಂಚಿಹೋಗಿರುವ ಪರ್ವತ ಪ್ರದೇಶ. ಆ ಕಲ್ಲನ್ನು ದಿನನಿತ್ಯ ಬಳಸುತ್ತಿದ್ದ ಅಲ್ಲಿಯ ಜನರಿಗೆ ಅದು ಹಕ್ಕಿಯಾಗಿರಲಿಲ್ಲ.

ಯುರೋಪಿಗೆ ಈ ಸಂಗತಿಯನ್ನು ಮುಟ್ಟಿಸಿದವನು 13ನೇ ಶತಮಾನದ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ. ಬೆಂಕಿಯಲ್ಲಿ ಬದುಕುವ ಪ್ರಾಣಿ ಎಂಬುದು ಸುಳ್ಳು, ಅದು ಬೆಟ್ಟದಿಂದ ಅಗೆಯುವ ಖನಿಜ ಎಂದು ಅವನು ಖಚಿತವಾಗಿ ಬರೆದ. ಅವನಿಗೆ ಅದನ್ನು ಹೇಳಿಕೊಟ್ಟವನು ಜತೆಗಾರನಾಗಿದ್ದ ಒಬ್ಬ ತುರ್ಕ. ಮಾರ್ಕೊ ಅವನ ಹೆಸರನ್ನು 'ಝುರ್ಫಿಕಾರ್' ಎಂದು ಬರೆದಿದ್ದಾನೆ. ಅದು ಝುಲ್ಫಿಕಾರ್ ಎಂದು ನಮಗೆ ಬೇರೆ ಹೇಳಬೇಕಾಗಿಲ್ಲ. ಈತ ಮಹಾಖಾನನ ಸೇವೆಯಲ್ಲಿ ಮೂರು ವರ್ಷ ಆ ಗಣಿಗಳ ಉಸ್ತುವಾರಿ ನೋಡಿಕೊಂಡಿದ್ದ. ಕಲ್ಲನ್ನು ಅಗೆಯುವುದು, ಒಣಗಿಸುವುದು, ತಾಮ್ರದ ಒರಳಲ್ಲಿ ಕುಟ್ಟುವುದು, ಮಣ್ಣು ಹೋಗುವಂತೆ ತೊಳೆಯುವುದು, ಉಳಿದ ಉಣ್ಣೆಯಂಥ ಎಳೆಯನ್ನು ನೂಲುವುದು, ಎಲ್ಲವನ್ನೂ ಬಲ್ಲವನಾಗಿದ್ದ. ವಿದ್ವಾಂಸರ ನೂರಾರು ವರ್ಷಗಳ ತಪ್ಪನ್ನು ಒಬ್ಬ ಗಣಿ ಮೇಸ್ತ್ರಿಯ ಮಾತು ತಿದ್ದಿತು.

ರೋಚ್‌ಡೇಲಿನ ನೆಲ್ಲಿ

ಬತ್ತಿಯಾಗಿ, ಅರಮನೆಗಳ ಕೌತುಕವಾಗಿ ಇದ್ದ ಕಲ್ನಾರಿಗೆ 19ನೇ ಶತಮಾನದ ಉಗಿಯಂತ್ರ ಹೊಸ ಬೆಲೆ ತಂದಿತು. ಬಾಯ್ಲರ್, ಉಗಿಕೊಳವೆ, ಹಡಗು, ರೈಲು ಎಲ್ಲಕ್ಕೂ ಬಿಸಿ ತಡೆಯುವ ಹೊದಿಕೆ ಬೇಕಾಗಿತ್ತು. 1870ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ದೊಡ್ಡ ಗಣಿಗಳು ತೆರೆದವು. ಅಲ್ಲಿನ ಒಂದು ಊರಿಗೆ ಆಸ್ಬೆಸ್ಟಾಸ್ ಎಂದೇ ಹೆಸರಾಯಿತು. (2020ರಲ್ಲಿ ಆ ಊರಿನವರು ಮತ ಹಾಕಿ ಹೆಸರನ್ನು ಬದಲಿಸಿಕೊಂಡರು.) ಇಂಗ್ಲೆಂಡಿನ ನೂಲಿನ ಗಿರಣಿಗಳು ಹತ್ತಿಯ ಯಂತ್ರದಲ್ಲೇ ಕಲ್ನಾರನ್ನೂ ನೂಲತೊಡಗಿದವು.

ಎಚ್ಚರಿಕೆಗಳು ಬಂದದ್ದು ತಡವಾಗಿ ಏನಲ್ಲ. 1898ರಲ್ಲಿಯೇ ಬ್ರಿಟನ್ನಿನ ಮಹಿಳಾ ಕಾರ್ಖಾನೆ ಇನ್‌ಸ್ಪೆಕ್ಟರ್ ಲೂಸಿ ಡೀನ್ ತಮ್ಮ ವರದಿಯಲ್ಲಿ ಈ ಧೂಳಿನ ಕಣಗಳು ಗಾಜಿನ ಚೂರಿನಂತೆ ಮೊನಚಾಗಿವೆ, ಉಸಿರಾಡುವವರಿಗೆ ಕೇಡು ಮಾಡುತ್ತಿವೆ ಎಂದು ಬರೆದರು. ಅದರ ಮರುವರ್ಷ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಗೆ 33 ವರ್ಷದ ಕೂಲಿಯಾಳೊಬ್ಬ ಉಬ್ಬಸದಿಂದ ಬಂದ. ತನ್ನ ಕೋಣೆಯಲ್ಲಿ ಜತೆಗೆ ಕೆಲಸ ಮಾಡಿದ ಹತ್ತು ಮಂದಿಯಲ್ಲಿ ಉಳಿದಿರುವವನು ತಾನೊಬ್ಬನೇ ಎಂದು ಅವನು ಡಾಕ್ಟರ್ ಮಾಂಟೆಗ್ಯು ಮರ್ರೆಯವರಿಗೆ ಹೇಳಿದ. ಕೆಲವೇ ತಿಂಗಳಲ್ಲಿ ಅವನೂ ತೀರಿಕೊಂಡ. ಇಲ್ಲಿಯೂ ಕಾಯಿಲೆಯ ಮೂಲವನ್ನು ಮೊದಲು ಬೊಟ್ಟುಮಾಡಿ ತೋರಿಸಿದ್ದು ರೋಗಿಯೇ.

ಆದರೂ ಕಾಯಿಲೆಗೊಂದು ಹೆಸರು ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಅದಕ್ಕೆ ಕಾರಣಳಾದವಳು ನೆಲ್ಲಿ ಕೆರ್ಶಾ. ಲ್ಯಾಂಕಾಶೈರಿನ ರೋಚ್‌ಡೇಲ್ ಊರಿನ ಈ ಬಡ ಹೆಣ್ಣುಮಗಳು ಹನ್ನೆರಡರ ವಯಸ್ಸಿಗೇ ಗಿರಣಿ ಸೇರಿ, 1917ರಿಂದ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದಳು. 1922ರ ಹೊತ್ತಿಗೆ ಕೆಲಸಕ್ಕೆ ಹೋಗಲಾರದಷ್ಟು ಉಸಿರು ಕಟ್ಟಿತು. 1924ರ ಮಾರ್ಚಿಯಲ್ಲಿ 33ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ಕಾಯಿಲೆಗೂ ತನ್ನ ಕೆಲಸಕ್ಕೂ ಸಂಬಂಧವಿಲ್ಲ ಎಂದು ವಾದಿಸಿದ ಕಂಪೆನಿ ಪರಿಹಾರ ಕೊಡಲಿಲ್ಲ, ಅಂತ್ಯಕ್ರಿಯೆಯ ಖರ್ಚನ್ನೂ ಕೊಡಲಿಲ್ಲ. ಗೋರಿಗೆ ಒಂದು ಕಲ್ಲೂ ಇಲ್ಲದೆ ಅವಳನ್ನು ಹೂಳಲಾಯಿತು. ಆದರೆ ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ವಿಲಿಯಂ ಕುಕ್ ಅದರೊಳಗೆ ಕಲ್ಲಿನ ಕಣಗಳನ್ನು ಕಂಡರು. 1924ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದನ್ನು ಪ್ರಕಟಿಸಿದರು. 1927ರಲ್ಲಿ ಕಾಯಿಲೆಗೆ 'ಆಸ್ಬೆಸ್ಟೋಸಿಸ್' ಎಂಬ ಹೆಸರಿಟ್ಟರು.

ಬ್ರಿಟಿಷ್ ಸರಕಾರ ತನಿಖೆಗೆ ಇಳಿಯಿತು. 1930ರಲ್ಲಿ ಬಂದ ಮೆರೆವೆದರ್ ಮತ್ತು ಪ್ರೈಸ್ ವರದಿ 363 ಕೆಲಸಗಾರರನ್ನು ಪರೀಕ್ಷಿಸಿ ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಇದೆ ಎಂದಿತು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ದುಡಿದವರಲ್ಲಿ ಐವರಲ್ಲಿ ನಾಲ್ವರಿಗೆ ಇತ್ತು. 1931ರಲ್ಲಿ ಧೂಳು ನಿಯಂತ್ರಣದ ಕಾನೂನು ಬಂತು. 1955ರಲ್ಲಿ ರಿಚರ್ಡ್ ಡಾಲ್ ಕಲ್ನಾರಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೆಕ್ಕ ಸಮೇತ ತೋರಿಸಿದರು.

1960ರಲ್ಲಿ ದಕ್ಷಿಣ ಆಫ್ರಿಕಾದ ಡಾಕ್ಟರ್ ವಾಗ್ನರ್ ಮತ್ತು ಸಂಗಡಿಗರು ಶ್ವಾಸಕೋಶದ ಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರಿನ 33 ಪ್ರಕರಣಗಳನ್ನು ವರದಿ ಮಾಡಿದರು. ರೋಗಿಗಳಲ್ಲಿ ಹಲವರು ಗಣಿಗೆ ಇಳಿದವರೇ ಅಲ್ಲ, ನೀಲಿ ಕಲ್ನಾರಿನ ಗಣಿಗಳ ಬಳಿ ಬಾಲ್ಯ ಕಳೆದವರು. 1965ರ ಲಂಡನ್ನಿನ ಇನ್ನೊಂದು ಅಧ್ಯಯನದಲ್ಲಿ ಕೆಲಸದಿಂದ ಬಂದ ಗಂಡನ ಬಟ್ಟೆಯನ್ನು ಕೊಡವಿ ಒಗೆದ ಹೆಂಗಸರೂ ಇದೇ ಕಾಯಿಲೆಗೆ ತುತ್ತಾದದ್ದು ಕಂಡುಬಂತು. ಕಲ್ನಾರು ಕಾರ್ಖಾನೆಯ ಗೇಟಿನೊಳಗೇ ಉಳಿಯುವ ಪಿಡುಗಲ್ಲ, ಮನೆಗೂ ಬರುತ್ತದೆ ಎಂದು ಲೋಕಕ್ಕೆ ಗೊತ್ತಾದದ್ದು ಹೀಗೆ.

ಇದು ಇಷ್ಟು ಕಾಲ ಮರೆಯಲ್ಲಿರಲು ಕಾರಣ ಕಲ್ನಾರಿನ ಗುಣವೇ. ಅದರ ಎಳೆ ಸೀಳಿದಷ್ಟೂ ಸೀಳುತ್ತದೆ, ಕೊನೆಗೆ ತಲೆಗೂದಲಿಗಿಂತ ನೂರಾರು ಪಟ್ಟು ತೆಳ್ಳಗಾಗಿ ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ, ಉರಿ ಇಲ್ಲ, ಆ ಕ್ಷಣಕ್ಕೆ ಕೆಮ್ಮೂ ಬರಬೇಕೆಂದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿದ ಎಳೆಯನ್ನು ಕರಗಿಸಲು ದೇಹಕ್ಕೆ ಆಗುವುದಿಲ್ಲ. ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲ್ವತ್ತು ವರ್ಷಗಳ ನಂತರ. ಅಷ್ಟು ಹೊತ್ತಿಗೆ ಧೂಳು ಕುಡಿದ ದಿನ ಯಾರಿಗೂ ನೆನಪಿರುವುದಿಲ್ಲ. ಉಬ್ಬಸ, ಒಣ ಕೆಮ್ಮು, ಸೊರಗುವ ದೇಹ ನೋಡಿ ಕ್ಷಯವೆಂದೋ ಬೀಡಿಯ ಚಟವೆಂದೋ ಹೇಳಿಬಿಡುವುದು ಸುಲಭ.

ಹೆಂಚಿನ ಜಾಗಕ್ಕೆ ಬಂದ ಶೀಟು

ಕಲ್ನಾರನ್ನು ಬಡವನ ಮನೆಯ ಮಾಡಿಗೆ ಏರಿಸಿದವನು ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್. ಕಾಗದ ಮಾಡುವ ಯಂತ್ರದಲ್ಲಿ ಕಲ್ನಾರು ಮತ್ತು ಸಿಮೆಂಟಿನ ಗಂಜಿಯನ್ನು ಹರಿಸಿ ತೆಳ್ಳನೆಯ ಹಾಳೆ ತೆಗೆಯುವ ವಿಧಾನವನ್ನು ಅವನು 1900ರ ಸುಮಾರಿಗೆ ಕಂಡುಹಿಡಿದ. ಅದಕ್ಕೆ ಅವನಿಟ್ಟ ಹೆಸರು 'ಎಟರ್ನಿಟ್', ಅಂದರೆ ಶಾಶ್ವತವಾದದ್ದು. ಶೀಟಿನಲ್ಲಿ ಹೆಚ್ಚಿನ ಪಾಲು ಸಿಮೆಂಟು, ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಕಲ್ನಾರು. ಆ ಒಂದು ಪಾಲೇ ಅದನ್ನು ತೆಳ್ಳಗೂ ಗಟ್ಟಿಯಾಗಿಯೂ ಇಡುತ್ತದೆ.

ಭಾರತಕ್ಕೆ ಇದು ಬಂದ ಕಾಲವನ್ನು ಗಮನಿಸಬೇಕು. ರೋಚ್‌ಡೇಲಿನ ಟರ್ನರ್ ಸಂಸ್ಥೆ 1920ರಲ್ಲಿ ಬೇರೆ ಸಂಸ್ಥೆಗಳೊಂದಿಗೆ ಕೂಡಿ ಟರ್ನರ್ ಆ್ಯಂಡ್ ನ್ಯೂವಾಲ್ ಆಯಿತು. ಅದರ ಅಂಗಸಂಸ್ಥೆ 1934ರಲ್ಲಿ ಇಂದಿನ ಮಧ್ಯಪ್ರದೇಶದ ಕೈಮೋರಿನಲ್ಲಿ ಕಲ್ನಾರು ಸಿಮೆಂಟಿನ ಕಾರ್ಖಾನೆ ಆರಂಭಿಸಿತು. ನೆಲ್ಲಿ ಸತ್ತು ಹತ್ತು ವರ್ಷವಾಗಿತ್ತು, ಬ್ರಿಟನ್ನಿನಲ್ಲಿ ಕಾನೂನು ಬಂದು ಮೂರು ವರ್ಷವಾಗಿತ್ತು. ಸಾಹೇಬರ ದೇಶದಲ್ಲಿ ಗೊತ್ತಿದ್ದ ಅಪಾಯದ ಸುದ್ದಿ ಆಳಿಸಿಕೊಂಡವರ ದೇಶಕ್ಕೆ ಶೀಟಿನ ಜತೆಯಲ್ಲಿ ಬರಲಿಲ್ಲ. ಮುಂದೆ 1946ರಲ್ಲಿ ಹೈದರಾಬಾದಿನಲ್ಲಿ ದೇಶೀ ಬಂಡವಾಳದ ಕಂಪೆನಿ ಹುಟ್ಟಿತು. ಅದರ 'ಚಾರ್‌ಮಿನಾರ್' ಗುರುತಿನ ಶೀಟು ದಕ್ಕನ್ನಿನ ಊರೂರಿಗೂ ತಲುಪಿತು.

ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಮಾಡು ಎಂದರೆ ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಆದರೆ ಹೆಂಚಿಗೆ ಪಕ್ಕಾಸು ಬೇಕು, ರೀಪು ಬೇಕು, ಮರದ ಬೆಲೆ ಏರುತ್ತಲೇ ಇತ್ತು. ಮಂಗ ಹಾರಿದರೆ ಹೆಂಚು ಒಡೆಯುತ್ತದೆ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು ಆಳು ಬೇಕು. ಸಿಮೆಂಟ್ ಶೀಟಿಗೆ ಇದು ಯಾವುದೂ ಬೇಡ. ನಾಲ್ಕು ಅಡ್ಡ ಪೈಪು, ಕೆಲವು ಕೊಕ್ಕೆ ಬೋಲ್ಟು ಇದ್ದರೆ ಒಂದೇ ದಿನದಲ್ಲಿ ಮಾಡು ಸಿದ್ಧ. ಅದು ತಗಡಿನಂತೆ ತುಕ್ಕು ಹಿಡಿಯುವುದಿಲ್ಲ, ಹುಲ್ಲಿನಂತೆ ಕೊಳೆಯುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ರಾತ್ರಿ ಕಳೆದವರಿಗೆ ಅದು ನಿಜಕ್ಕೂ ನೆಮ್ಮದಿ ಕೊಟ್ಟಿತು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಬಡವರು ಕಲ್ನಾರನ್ನು ಆರಿಸಿಕೊಳ್ಳಲಿಲ್ಲ, ಅಗ್ಗದ ಮಾಡನ್ನು ಆರಿಸಿಕೊಂಡರು. ಅದರೊಳಗೆ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕಕ್ಕೆ ಬಾರದ ಮಾಡು

ಕಲ್ನಾರಿನ ನಿಕ್ಷೇಪ ನಮ್ಮ ನೆಲದಲ್ಲೂ ಇದೆ. ಆಂಧ್ರದ ಪುಲಿವೆಂದುಲ, ರಾಜಸ್ತಾನದ ಉದಯಪುರ, ಜಾರ್ಖಂಡಿನ ಚಾಯಿಬಾಸಾ ಬಳಿಯ ರೋರೊ ಬೆಟ್ಟ, ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲಿ ಅದು ಸಿಗುತ್ತದೆ. ರೋರೊದ ಗಣಿ 1983ರಲ್ಲಿ ಮುಚ್ಚಿತು. ಅಗೆದು ಸುರಿದ ಕಲ್ನಾರಿನ ರಾಶಿ ಮಾತ್ರ ಆದಿವಾಸಿಗಳ ಹೊಲಗಳ ಮೇಲಿನ ಇಳಿಜಾರಿನಲ್ಲಿ ಉಳಿಯಿತು. ಕೇಂದ್ರ ಸರಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನೂ 1993ರಲ್ಲಿ ಹಳೆಯ ಗುತ್ತಿಗೆ ನವೀಕರಿಸುವುದನ್ನೂ ನಿಲ್ಲಿಸಿತು. ಆದರೆ ಹೊರದೇಶದಿಂದ ತರಿಸುವುದಕ್ಕೆ ಅಡ್ಡಿ ಬರಲಿಲ್ಲ. ಸ್ವಂತ ನೆಲದಲ್ಲಿ ಅಗೆಯಲು ಅಪಾಯಕಾರಿ ಎನಿಸಿದ ವಸ್ತುವನ್ನು ರಷ್ಯಾ, ಕಝಾಕಸ್ತಾನಗಳಿಂದ ತರಿಸಿ ಬಳಸುವ ದೇಶಗಳಲ್ಲಿ ಭಾರತ ಮುಂದಿದೆ.

ನ್ಯಾಯಾಲಯಗಳೂ ಇದನ್ನು ಕಂಡಿವೆ. ಅಹಮದಾಬಾದಿನ ಗ್ರಾಹಕ ಸಂಸ್ಥೆಯೊಂದರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಕೊಟ್ಟ ತೀರ್ಪು ಕಾರ್ಮಿಕನ ಆರೋಗ್ಯವನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ ಇಡಬೇಕೆಂದಿತು. ಇದು ದೊಡ್ಡ ತೀರ್ಪು. ಆದರೆ ಇದರ ಫಲ ಸಿಗುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವವನಿಗೆ. ದಿನಗೂಲಿಗೆ ಶೀಟು ಒಡೆಯುವವನ ಹೆಸರು ಯಾವ ಪುಸ್ತಕದಲ್ಲಿದೆ? 2011ರಲ್ಲಿ ಸಂಪೂರ್ಣ ನಿಷೇಧ ಕೇಳಿ ಬಂದ ಅರ್ಜಿಯನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ.

2006ರ ಒಂದು ಪ್ರಸಂಗ ಹಲವರಿಗೆ ನೆನಪಿರಬಹುದು. ಕ್ಲೆಮಾನ್ಸೊ ಎಂಬ ಫ್ರಾನ್ಸಿನ ಹಳೆಯ ಯುದ್ಧನೌಕೆ ಒಡೆಯಿಸಿಕೊಳ್ಳಲು ಗುಜರಾತಿನ ಅಲಂಗಿಗೆ ಹೊರಟಿತ್ತು. ಅದರೊಳಗೆ ಎಷ್ಟು ಟನ್ ಕಲ್ನಾರಿದೆ ಎಂಬುದರ ಮೇಲೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಗದ್ದಲ ದೊಡ್ಡದಾಗಿ ಆ ವರ್ಷದ ಫೆಬ್ರವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷರು ಹಡಗನ್ನು ವಾಪಸು ಕರೆಸಿಕೊಂಡರು. ಹಡಗು ಎಲ್ಲರ ಕಣ್ಣಿಗೆ ಬಿತ್ತು. ನಮ್ಮ ತಲೆಯ ಮೇಲಿನ ಮಾಡು ಬೀಳಲಿಲ್ಲ.

ಬೀಳುವುದಾದರೂ ಹೇಗೆ? ನಮ್ಮ ಜನಗಣತಿಯ ಅರ್ಜಿಯಲ್ಲಿ ತಗಡು ಮತ್ತು ಆಸ್ಬೆಸ್ಟಾಸ್ ಶೀಟಿಗೆ ಇದ್ದದ್ದು ಒಂದೇ ಕಲಂ. 2011ರ ಗಣತಿಯಲ್ಲಿ ದೇಶದ ಸುಮಾರು ಶೇಕಡ 16ರಷ್ಟು ಮನೆಗಳು ಆ ಕಲಂನಲ್ಲಿ ಬಂದವು. ಅವುಗಳಲ್ಲಿ ತಗಡಿನವು ಎಷ್ಟು, ಕಲ್ನಾರಿನವು ಎಷ್ಟು ಎಂದು ಆ ಅಂಕಿಯಿಂದ ಬಿಡಿಸಲು ಬರುವುದಿಲ್ಲ. ಬ್ರಿಟನ್ನಿನಲ್ಲಿ 2004ರಿಂದ ಕಚೇರಿ, ಶಾಲೆ, ಅಂಗಡಿಗಳಂಥ ಕಟ್ಟಡಗಳಲ್ಲಿ ಕಲ್ನಾರು ಎಲ್ಲೆಲ್ಲಿದೆ ಎಂದು ಪತ್ತೆ ಹಚ್ಚಿ ದಾಖಲೆ ಇಡುವುದು ಕಟ್ಟಡ ನೋಡಿಕೊಳ್ಳುವವರ ಕರ್ತವ್ಯ. ಫ್ರಾನ್ಸಿನಲ್ಲಿ 1997ರ ಜುಲೈಗೆ ಮೊದಲು ಪರವಾನಗಿ ಪಡೆದ ಮನೆ ಮಾರುವಾಗ ಕಲ್ನಾರಿನ ತಪಾಸಣೆ ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಕೆಲಸದ ಜಾಗದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. 50ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಅವುಗಳಲ್ಲಿ ನಮ್ಮ ಯುವಕರು ದುಡಿಯಲು ಹೋಗುವ ಸೌದಿ ಅರೇಬಿಯ, ಕುವೈತ್, ಕತಾರ್‌ಗಳೂ ಇವೆ. ಅಲ್ಲಿ ಕಟ್ಟಡ ಕಟ್ಟಲು ಬಳಸಬಾರದ ಶೀಟಿನ ಕೆಳಗೆ ಇಲ್ಲಿ ಅವರ ಮಕ್ಕಳು ಮಲಗುತ್ತಾರೆ.

ಬಿಳಿ ಕಲ್ನಾರು ಅಷ್ಟು ಕೆಟ್ಟದ್ದಲ್ಲ, ಸಿಮೆಂಟಿನೊಳಗೆ ಬಂಧಿಯಾದ ಎಳೆ ಹೊರಗೆ ಬರುವುದಿಲ್ಲ ಎಂಬುದು ಉದ್ಯಮದವರ ವಾದ. ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿರುಕಿಲ್ಲದ, ಗಟ್ಟಿ ಶೀಟು ತನ್ನಷ್ಟಕ್ಕೆ ಹೆಚ್ಚು ಎಳೆ ಉದುರಿಸುವುದಿಲ್ಲ. ಆದರೆ ಶೀಟನ್ನು ಗರಗಸದಿಂದ ಕೊಯ್ಯುತ್ತಾರೆ, ಬೋಲ್ಟಿಗೆ ತೂತು ಕೊರೆಯುತ್ತಾರೆ, ತೆಂಗಿನಕಾಯಿ ಬಿದ್ದು ಅದು ಒಡೆಯುತ್ತದೆ, ಗಾಳಿಗೆ ಹಾರುತ್ತದೆ. ಕೊನೆಗೊಂದು ದಿನ ಅದನ್ನು ಕೆಡವಲೇಬೇಕು. ಮೊದಲ ಮಾತಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉತ್ತರ ಕೊಟ್ಟಿದೆ: ಬಿಳಿ, ಕಂದು, ನೀಲಿ, ಎಲ್ಲ ಬಗೆಯ ಕಲ್ನಾರೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ.

ಮನೆಯಲ್ಲಿ ಗುರುತಿಸುವುದು ಹೇಗೆ?

ಬ್ರಿಟನ್ನಿನವರಿಗೆ ಒಂದು ಸುಲಭದ ಸೂತ್ರವಿದೆ. ಅಲ್ಲಿ ಸಂಪೂರ್ಣ ನಿಷೇಧ ಬಂದದ್ದು 1999ರಲ್ಲಿ. ಅದಕ್ಕಿಂತ ಹಳೆಯ ಕಟ್ಟಡವಾದರೆ ಕಲ್ನಾರು ಇರಬಹುದು ಎಂದು ಅವರು ಶಂಕಿಸುತ್ತಾರೆ. ನಮಗೆ ಆ ಸೂತ್ರ ನಡೆಯುವುದಿಲ್ಲ. ಇಲ್ಲಿ ನಿಷೇಧವಾಗದ ಕಾರಣ ಹೊಸ ಶೀಟಿನಲ್ಲೂ ಅದು ಇರಬಹುದು. ಈಗ ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ಬಂದಿವೆ, ಆದರೆ ನೋಡಲು ಎರಡೂ ಒಂದೇ.

ಮೊದಲು ಶೀಟಿನ ಮೇಲಿನ ಮುದ್ರೆ ನೋಡಬೇಕು. ಐಎಸ್ 459 ಎಂಬ ಭಾರತೀಯ ಮಾನಕ ಸಂಖ್ಯೆ ಇದ್ದರೆ ಅದು ಕಲ್ನಾರು ಸಿಮೆಂಟಿನ ಅಲೆಯಾಕಾರದ ಶೀಟು, ಅನುಮಾನವಿಲ್ಲ. ಹಳೆಯ ಶೀಟಿನಲ್ಲಿ ಮುದ್ರೆ ಅಳಿಸಿರುತ್ತದೆ. ಆಗ ಕಣ್ಣೇ ಗತಿ. ಬೂದು ಬಣ್ಣ, ಸುಮಾರು 6 ಮಿಲಿಮೀಟರ್ ದಪ್ಪ, ದೊಡ್ಡ ಅಲೆಗಳು, ತಟ್ಟಿದರೆ ತಗಡಿನ ಸದ್ದಿಲ್ಲ, ಮೇಲ್ಮೈಯಲ್ಲಿ ಹಾವಸೆ. ವರ್ಷಗಳ ಮಳೆ ಸಿಮೆಂಟನ್ನು ಸ್ವಲ್ಪ ಸ್ವಲ್ಪವೇ ಕರಗಿಸಿದ ಮೇಲೆ ಮೈ ತರಿತರಿಯಾಗುತ್ತದೆ. ಮೊದಲೇ ಒಡೆದಿರುವ ಅಂಚಿನಲ್ಲಿ ಬೆಳ್ಳಗಿನ ಸಣ್ಣ ನವಿರು ಕಂಡರೆ ಅದೇ ನಾರು. ಆದರೆ ನೋಡಲೆಂದು ಒಡೆಯಬಾರದು, ಕೆರೆಯಬಾರದು.

ಶೀಟು ಒಂದೇ ಅಲ್ಲ. ಪಿವಿಸಿ ಬರುವ ಮೊದಲು ಮಾಡಿನಿಂದ ಮಳೆನೀರು ಇಳಿಸಲು, ಶೌಚಗುಂಡಿಯ ಗಾಳಿ ಬಿಡಲು ಗೋಡೆಗೆ ಹಾಕುತ್ತಿದ್ದ ದಪ್ಪ ಬೂದು ಪೈಪುಗಳು ಇದೇ ಜಾತಿಯವು. ಹಳೆಯ ನೀರಿನ ತೊಟ್ಟಿ, ಊರಿನ ನೆಲದಡಿಯ ನೀರಿನ ಕೊಳವೆಗಳಲ್ಲೂ ಇದೆ. ಹಳೆಯ ಕಚೇರಿ, ಚಿತ್ರಮಂದಿರಗಳ ಒಳಮಾಡಿನ ಚಪ್ಪಟೆ ಹಲಗೆ, ಗಿರಣಿಗಳ ಬಾಯ್ಲರ್ ಮತ್ತು ಉಗಿಕೊಳವೆಗೆ ಸುತ್ತಿದ ಬಿಳಿ ಹೊದಿಕೆ, ಭಟ್ಟಿಯ ಬಾಗಿಲಿನ ಸಂದಿಗೆ ತುರುಕಿದ ಹಗ್ಗ, ಹೈಸ್ಕೂಲಿನ ಪ್ರಯೋಗಾಲಯದ ತಂತಿ ಬಲೆಯ ನಡುವಿನ ಬಿಳಿ ವೃತ್ತ, ಹಳೆಯ ಗಾಡಿಗಳ ಬ್ರೇಕ್ ಪಟ್ಟಿ, ಇವೆಲ್ಲ ಕಲ್ನಾರು ಅಡಗಿದ ಜಾಗಗಳು. ಇವುಗಳಲ್ಲಿ ಸಿಮೆಂಟಿನೊಳಗೆ ಸೇರಿದ್ದಕ್ಕಿಂತ ಬಾಯ್ಲರಿನ ಹೊದಿಕೆಯಂಥ ಮೆತ್ತಗಿನ, ಬೆರಳಿಗೇ ಪುಡಿಯಾಗುವ ಸರಕು ಹೆಚ್ಚು ಅಪಾಯಕಾರಿ. ಅದನ್ನು ಮನೆಯವರಾಗಲಿ ಸಾಮಾನ್ಯ ಕೂಲಿಯಾಳಾಗಲಿ ಮುಟ್ಟಲೇಬಾರದು.

ಕಣ್ಣಿನಿಂದ ಶಂಕಿಸಬಹುದು, ಖಚಿತಪಡಿಸಲು ಆಗುವುದಿಲ್ಲ. ಅದಕ್ಕೆ ಪ್ರಯೋಗಾಲಯದ ಸೂಕ್ಷ್ಮದರ್ಶಕವೇ ಬೇಕು. ಪರೀಕ್ಷೆಗೆ ಕಳಿಸುವ ಶಕ್ತಿ ಇಲ್ಲದವರಿಗೆ ಉಳಿಯುವ ದಾರಿ ಒಂದೇ: ಇಲ್ಲವೆಂದು ಸಾಬೀತಾಗುವ ತನಕ ಇದೆ ಎಂದೇ ನಡೆದುಕೊಳ್ಳುವುದು.

ಕೆಡವುವ ಕೈಗಳು

ಇದನ್ನು ಓದಿ ಇಂದೇ ಮಾಡು ಕಿತ್ತೆಸೆಯಬೇಕಾಗಿಲ್ಲ. ಹಾಗೆ ಮಾಡಿದರೆ ಅಪಾಯ ಹೆಚ್ಚು. ಗಟ್ಟಿಯಾಗಿರುವ ಶೀಟನ್ನು ಮುಟ್ಟದೆ ಬಿಡುವುದೇ ಲೇಸು. ಹಾವಸೆ ತೆಗೆಯಲೆಂದು ತಂತಿ ಬ್ರಷ್ಷಿನಿಂದ ಉಜ್ಜುವುದು, ರಭಸದ ನೀರಿನಿಂದ ತೊಳೆಯುವುದು ಬೇಡ. ತೆಗೆಯಲೇಬೇಕಾದಾಗ ಮೊದಲು ನೀರು ಚಿಮುಕಿಸಿ ನೆನೆಸಬೇಕು. ಒಡೆಯದೆ ಬೋಲ್ಟು ಬಿಚ್ಚಿ ಇಡೀ ಶೀಟನ್ನು ಇಳಿಸಬೇಕು. ಬಾಯಿಗೆ ಕಟ್ಟಿದ ಕರವಸ್ತ್ರ ಈ ಎಳೆಯನ್ನು ತಡೆಯುವುದಿಲ್ಲ, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಗೆ ಕಡಿಮೆಯಿಲ್ಲದ ಮಾಸ್ಕ್ ಬೇಕು. ಉದುರಿದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಸಮೇತ ಪ್ಲಾಸ್ಟಿಕ್‌ನಲ್ಲಿ ಕಟ್ಟಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜತೆ ಒಗೆಯಬಾರದು. ಒಡೆದ ಚೂರುಗಳನ್ನು ದಾರಿಯ ಹೊಂಡಕ್ಕೆ ತುಂಬುವುದು, ಕೋಳಿಗೂಡಿಗೆ, ಬಚ್ಚಲಿಗೆ ಮರೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ; ಅದು ನಿಲ್ಲಬೇಕು.

ಈ ಮಾತು ನಮ್ಮ ಸಮುದಾಯಕ್ಕೆ ಹತ್ತಿರದ್ದು. ಪಟ್ಟಣಗಳಲ್ಲಿ ಹಳೆಯ ಕಟ್ಟಡ ಕೆಡವಿ ಗುಜರಿಗೆ ಸಾಗಿಸುವ, ಗ್ಯಾರೇಜಿನಲ್ಲಿ ಬ್ರೇಕಿನ ಪುಡಿಯನ್ನು ಗಾಳಿಯಿಂದ ಊದಿ ತೆಗೆಯುವ, ಗಾರೆ ಕೆಲಸ ಮಾಡುವ ಹುಡುಗರಲ್ಲಿ ನಮ್ಮವರು ಬಹಳ ಮಂದಿ. ಹಲವು ಜಮಾಅತ್‌ಗಳು ಹಳೆಯ ಮಸೀದಿ, ಮದ್ರಸಾಗಳನ್ನು ಕೆಡವಿ ಹೊಸತು ಕಟ್ಟುತ್ತಿವೆ. ವುಝೂ ಮಾಡುವ ಹೌಝಿನ ಮೇಲಿನ ಚಪ್ಪರ, ಮದ್ರಸಾದ ಜಗಲಿಯ ಮಾಡು, ಮದುವೆ ಹಾಲಿನ ಅಡುಗೆಮನೆ ಹಲವು ಕಡೆ ಇದೇ ಶೀಟಿನವು. ಹೊಸ ಮಿನಾರದ ಎತ್ತರದ ಬಗ್ಗೆ ಕಮಿಟಿಯಲ್ಲಿ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಹಳೆಯ ಮಾಡನ್ನು ಯಾರು, ಹೇಗೆ ಇಳಿಸುತ್ತಾರೆ ಎಂಬುದಕ್ಕೆ ಐದು ನಿಮಿಷ ಸಿಗುವುದಿಲ್ಲ. ಕೂಲಿಕಾರನ ಬೆವರು ಆರುವ ಮೊದಲು ಅವನ ಮಜೂರಿ ಕೊಡಬೇಕೆಂದು ಜುಮಾ ಭಾಷಣಗಳಲ್ಲಿ ಕೇಳುತ್ತೇವೆ. ಆ ಮಜೂರಿಯ ಜತೆಗೆ ಮೂವತ್ತು ವರ್ಷದ ನಂತರದ ಕಾಯಿಲೆಯನ್ನೂ ಅವನ ಕೈಗಿತ್ತು ಕಳಿಸಿದರೆ ಸಾಲ ತೀರಿದಂತಾಗುತ್ತದೆಯೇ?

ನೆರೆಯ ಕೇರಳದಲ್ಲಿ ಮಾನವ ಹಕ್ಕುಗಳ ಆಯೋಗ 2009ರಲ್ಲಿಯೇ ಸರಕಾರಿ ಶಾಲೆಗಳ ಕಲ್ನಾರು ಮಾಡನ್ನು ಹಂತಹಂತವಾಗಿ ತೆಗೆದು ಹೆಂಚು ಹಾಕಬೇಕೆಂದು ಹೇಳಿತು. ನಾವು ಆದೇಶಕ್ಕೆ ಕಾಯಬೇಕಾಗಿಲ್ಲ. ಜಮಾಅತ್ ಕಮಿಟಿಗಳು, ಶಾಲಾ ಆಡಳಿತ ಮಂಡಳಿಗಳು ತಮ್ಮ ಕಟ್ಟಡಗಳಲ್ಲಿ ಶೀಟು ಮತ್ತು ಪೈಪು ಎಲ್ಲೆಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆದಿಡಬಹುದು. ಕಂಟ್ರಾಕ್ಟಿಗೆ ಸಹಿ ಹಾಕುವಾಗ 'ಶೀಟು ಒಡೆಯಬಾರದು, ನೆನೆಸಿ ಬಿಚ್ಚಬೇಕು, ಆಳುಗಳಿಗೆ ಮಾಸ್ಕ್ ಕೊಡಬೇಕು' ಎಂದು ಮೂರು ಸಾಲು ಸೇರಿಸಬಹುದು. ಇಳಿಸಿದ ಶೀಟನ್ನು ಎಲ್ಲಿ ಹಾಕಬೇಕೆಂದು ನಗರಸಭೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಪತ್ರ ಬರೆದು ಕೇಳಬಹುದು. ಹತ್ತು ಕಡೆಯಿಂದ ಪತ್ರ ಹೋದರೆ ಅವರೂ ಒಂದು ಜಾಗ ತೋರಿಸಬೇಕಾಗುತ್ತದೆ. ಎಲ್ಲಕ್ಕೂ ಮೊದಲು, ಏಣಿ ಹತ್ತುವ ಹುಡುಗನನ್ನು ಕರೆದು, ಅಲ್ಲಿ ಮೇಲಿರುವುದು ಬರಿಯ ಸಿಮೆಂಟಲ್ಲ ಎಂದು ಅವನ ಭಾಷೆಯಲ್ಲಿ ಹೇಳಬೇಕು.